ಗೋಡೆ ನೋಡಲು ಹೋದದ್ದು

ಮೈಸೂರಿನ ನಮ್ಮ ಮನೆಯ ಕಾಂಪೌಂಡ್ ಗೋಡೆ 40 ಅಡಿ ಉದ್ದವಿದೆ. ಅದರ ಮೇಲೆ ಬರೆಯುವವರನ್ನು, ಅಂಟಿಸುವವರನ್ನು, ಬುಡದಲ್ಲಿ ನಿಲ್ಲುವವರನ್ನು ಓಡಿಸುವುದರಲ್ಲೇ ನನ್ನ ನಿವೃತ್ತಿಯ ಮೊದಲ ಆರು ವರ್ಷ ಕಳೆದುಹೋದವು. ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ ಮಾಡುವವರು ರಾತ್ರೋರಾತ್ರಿ ಬಂದು ಬರೆದು ಹೋಗುತ್ತಿದ್ದರು. ಅದನ್ನು ಸುಣ್ಣ ಹೊಡೆದು ಅಳಿಸಿದರೆ, ಹೊಸ ಸುಣ್ಣ ಕಂಡ ಖುಷಿಗೆ ಬೋರ್‌ವೆಲ್‌ನವರು ಬರುತ್ತಿದ್ದರು. ಗೋಡೆ ಹಾಳುಮಾಡುವುದರ ವಿರುದ್ಧ ನಮ್ಮ ರಾಜ್ಯದಲ್ಲಿ 1981ರಷ್ಟು ಹಿಂದೆಯೇ ಕಾಯ್ದೆ ಬಂದಿದೆ. ಅದರ ಪ್ರತಿ ಹಿಡಿದುಕೊಂಡು ಒಂದು ಕಚೇರಿಗೂ ಹೋಗಿಬಂದೆ. ಕಚೇರಿಯ ಗೋಡೆಯ ಮೇಲೆಯೇ ಅದೇ ಮೂಲವ್ಯಾಧಿ ಇತ್ತು.

ಕೊನೆಗೆ ಪೇಂಟರನ್ನು ಕರೆಸಿ, ಬಿಳಿ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ, ಮೊಳದಷ್ಟು ದಪ್ಪ ಅಕ್ಷರಗಳಲ್ಲಿ ‘ಇಲ್ಲಿ ಮೂತ್ರ ಮಾಡಬಾರದು’ ಅಂತ ಬರೆಸಿದೆ. ಹದಿನೈದು ದಿನ ಜನ ಮರ್ಯಾದೆ ಕೊಟ್ಟರು. ಹದಿನಾರನೆಯ ದಿನ ಬೆಳಗ್ಗೆ ಹಾಲಿಗೆ ಹೊರಟವನು ನೋಡುತ್ತೇನೆ, ಯಾರೋ ಪುಣ್ಯಾತ್ಮ ‘ಬಾ’ದ ದೀರ್ಘವನ್ನು ಕಲ್ಲಿನಲ್ಲಿ ಕೆರೆದು ತೆಗೆದಿದ್ದಾನೆ. ಪಕ್ಕದ ‘ರ’ವನ್ನು ಇದ್ದಿಲಿನಲ್ಲಿ ತಿದ್ದಿ ‘ಹು’ ಮಾಡಿದ್ದಾನೆ. ‘ಇಲ್ಲಿ ಮೂತ್ರ ಮಾಡಬಹುದು.’ ಹೀಗೆ ಬರಹದಲ್ಲಿ ಅನುಮತಿ ಸಿಕ್ಕ ಮೇಲೆ ಯಾರು ಬಿಡುತ್ತಾರೆ? ನನಗೆ ಮೈಯೆಲ್ಲ ಉರಿದದ್ದು ನಿಜ. ಆದರೂ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಅರ್ಥಪಲ್ಲಟ ಮಾಡಿದವನ ಕನ್ನಡ ಮೇಷ್ಟ್ರು ಯಾರಿರಬಹುದು ಅಂತ ಒಂದು ಕ್ಷಣ ಯೋಚನೆ ಬಂತು.

ಅದನ್ನು ಸರಿಮಾಡಿಸುವ ಮೊದಲೇ ವೀಸಾ ಬಂತು. ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೊರಟೆವು.

ಹೋದ ಎರಡನೇ ಶನಿವಾರ ಮಗಳು ನಮ್ಮಿಬ್ಬರನ್ನೂ ರೈಲು ಹತ್ತಿಸಿದಳು. ಎಲ್ಲಿಗೆ ಅಂದರೆ “ಗೋಡೆ ನೋಡೋಕೆ” ಅಂದಳು. ಚೀನಾದ ಗೋಡೆಯನ್ನು ನೋಡಲು ಹೋಗುವವರ ಬಗ್ಗೆ ಕೇಳಿದ್ದೆ. ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು, ಫೆಡರೇಷನ್ ಸ್ಕ್ವೇರ್ ಎದುರಿಗೆ ರಸ್ತೆ ದಾಟಿದರೆ ಹೋಸಿಯರ್ ಲೇನ್. ಕರಿಗಲ್ಲು ಹಾಸಿದ ಸಣ್ಣ ಗಲ್ಲಿ. ಎರಡೂ ಕಡೆಯ ಗೋಡೆಗಳ ಮೇಲೆ ಬೆರಳಿಡಲು ಜಾಗವಿಲ್ಲದ ಹಾಗೆ ಬಣ್ಣ. ಗೋಡೆ ಮುಗಿದು ಬಾಗಿಲು, ಬಾಗಿಲು ಮುಗಿದು ಮಳೆನೀರಿನ ಪೈಪು, ಪೈಪು ಮುಗಿದು ಕಸದ ಡಬ್ಬಿ, ಡಬ್ಬಿಗೂ ಬಿಡುಗಡೆಯಿಲ್ಲ. ಒಂದು ಕಡೆ ಮದುವೆಯ ಜೋಡಿಯೊಂದು ಅದೇ ಕಸದ ಡಬ್ಬಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿತ್ತು. ಸ್ಪ್ರೇ ಬಣ್ಣದ ಘಾಟು, ಹೋಟೆಲಿನ ಹಿತ್ತಲ ಹೊಗೆ, ಮತ್ತೆ ಒಂದು ಮೂಲೆಯಲ್ಲಿ, ಸಮುದ್ರ ದಾಟಿದರೂ ಗುರುತು ಸಿಗುವ ಆ ಹಳೆಯ ವಾಸನೆ.

“ಏನ್ರೀ ಇದು, ನಮ್ಮ ಕನ್ಸರ್ವೆನ್ಸಿ ಗಲ್ಲಿ!” ಎಂದಳು ನನ್ನಾಕೆ. ಅವಳ ಮಾತು ಚರಿತ್ರೆಯ ಪ್ರಕಾರವೂ ಸರಿ. 1837ರಲ್ಲಿ ರಾಬರ್ಟ್ ಹಾಡಲ್ ಎಂಬ ಸರ್ವೆಯವರು ಚದುರಂಗದ ಹಾಸಿನಂತೆ ಈ ಊರಿಗೆ ಅಗಲ ರಸ್ತೆಗಳ ಗೆರೆ ಎಳೆದರು. ಕಟ್ಟಡಗಳು ಎದ್ದ ಮೇಲೆ ಅವುಗಳ ಬೆನ್ನಿಗೆ ಸಾಮಾನು ಇಳಿಸಲು, ಮಲದ ಗಾಡಿ ಬಂದು ಹೋಗಲು ಗಲ್ಲಿಗಳು ಬೇಕಾದವು. ನೂರು ವರ್ಷ ಮೂಗು ಮುಚ್ಚಿಕೊಂಡು ಓಡಾಡಿದ ಜಾಗಕ್ಕೆ ಈಗ ಕ್ಯಾಮೆರಾ ಹಿಡಿದು ಬರುತ್ತಾರೆ. ನಮ್ಮ ಮೈಸೂರಿನ ಕನ್ಸರ್ವೆನ್ಸಿ ಗಲ್ಲಿಗಳಿಗೂ ಒಂದು ದಿನ ಬಂದೀತು ಅಂತ ಕಾಯುತ್ತಿದ್ದೇನೆ.

ನನ್ನ ಬಾಯಿ ಸುಮ್ಮನಿರಲಿಲ್ಲ. “ಇವರ ಮೇಲೆ ಕೇಸ್ ಹಾಕೋಲ್ವಾ?” ಅಂದೆ. ಮಗಳು “ಅಪ್ಪಾ, ಮೆತ್ತಗೆ ಮಾತಾಡಿ” ಅಂದು, ಇಲ್ಲೂ 2007ರ ಗ್ರಾಫಿಟಿ ತಡೆ ಕಾಯ್ದೆ ಇದೆಯೆಂದಳು. ಮಾಲೀಕರ ಒಪ್ಪಿಗೆ ಇಲ್ಲದೆ ಗೀಚಿದರೆ ಅಪರಾಧ. ಹದಿನೆಂಟು ತುಂಬದವರಿಗೆ ಸ್ಪ್ರೇ ಡಬ್ಬಿ ಮಾರುವ ಹಾಗೂ ಇಲ್ಲ. ಕಾನೂನು ನಮ್ಮದಕ್ಕಿಂತ ಬಿಗಿ, ಗೋಡೆ ಮಾತ್ರ ನಮ್ಮದಕ್ಕಿಂತ ಭರ್ತಿ.

ಮಗಳು ಈ ಗೋಡೆಬರಹಗಳ ಜಾತಿ ಕುಲವನ್ನೂ ವಿವರಿಸಿದಳು. ಬರಿ ಹೆಸರು ಗೀಚಿದರೆ ಟ್ಯಾಗ್. ದಿನವಿಡೀ ಕೂತು ಬರೆದದ್ದು ಪೀಸ್. ರಟ್ಟಿನಲ್ಲಿ ಅಚ್ಚು ಕೊರೆದು ಬಣ್ಣ ಊದಿದ್ದು ಸ್ಟೆನ್ಸಿಲ್. ಕಾಗದದಲ್ಲಿ ಬರೆದು ತಂದು ಗೋಧಿ ಹಿಟ್ಟಿನ ಅಂಟಿನಲ್ಲಿ ಮೆತ್ತಿದ್ದು ಪೇಸ್ಟ್‌ಅಪ್. ಇದನ್ನು ಕೇಳಿ ನನಗೆ ನಗು ಬಂತು. ಮೈದಾ ಗೋಂದು ಬಕೆಟ್ಟಿನಲ್ಲಿ ಕಲಸಿಕೊಂಡು ಸೈಕಲ್ಲಿನಲ್ಲಿ ಬಂದು ಸಿನಿಮಾ ಪೋಸ್ಟರ್ ಅಂಟಿಸುತ್ತಿದ್ದವನನ್ನು ನಾನು ಎಷ್ಟು ಸಲ ಅಟ್ಟಿಸಿಕೊಂಡು ಹೋಗಿಲ್ಲ! ವ್ಯತ್ಯಾಸ ಇಷ್ಟೇ: ಮೆಲ್ಬರ್ನ್‌ನಲ್ಲಿ ಹಸುಗಳು ಬೀದಿಗೆ ಬರುವುದಿಲ್ಲ. ನಮ್ಮಲ್ಲಿ ಶುಕ್ರವಾರ ಅಂಟಿಸಿದ ನಾಯಕನನ್ನು ಶನಿವಾರ ಹಸು ಅಂಟಿನ ಸಮೇತ ನೆಕ್ಕಿ, ಹರಿದು, ಮೆಲುಕು ಹಾಕುತ್ತಿತ್ತು. ಅಷ್ಟು ಪ್ರಾಮಾಣಿಕ ವಿಮರ್ಶೆ ನಾನು ಪತ್ರಿಕೆಯಲ್ಲೂ ಓದಿಲ್ಲ.

ಗಲ್ಲಿಯ ನಡುವೆ ಒಬ್ಬ ಹುಡುಗ ಏಣಿ ಹತ್ತಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಎರಡಾಳೆತ್ತರದ ಗಿಣಿ ಬರೆಯುತ್ತಿದ್ದ. ನನ್ನಾಕೆ ಅಲ್ಲೇ ನಿಂತುಬಿಟ್ಟಳು. “ಚುಕ್ಕಿ ಇಡದೇ ಇಷ್ಟು ದೊಡ್ಡದು ಹೇಗೆ ಬರೀತಾನೆ? ರೆಕ್ಕೆ ಸೊಟ್ಟಗಾದ್ರೆ?” ನಲವತ್ತು ವರ್ಷ ಬಾಗಿಲಲ್ಲಿ ರಂಗೋಲಿ ಹಾಕಿದವಳ ಆತಂಕ ಅದು. ಮಗಳು ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಳು. ಹುಡುಗ ಏಣಿ ಇಳಿದು ಬಂದು ಫೋನ್ ತೋರಿಸಿದ. ಮೊದಲು ಖಾಲಿ ಗೋಡೆಯ ಮೇಲೆ ಮನಸ್ಸಿಗೆ ಬಂದ ಹಾಗೆ ಸೊನ್ನೆ, ಅಡ್ಡಗೆರೆ, ಅಕ್ಷರ ಎಲ್ಲ ಗೀಚಿಕೊಳ್ಳುತ್ತಾನೆ. ಅದರ ಫೋಟೋ ತೆಗೆದು, ಅದರ ಮೇಲೆ ತನ್ನ ಗಿಣಿಯ ನಕ್ಷೆಯನ್ನು ಫೋನಿನಲ್ಲೇ ಕೂರಿಸುತ್ತಾನೆ. ಕೊಕ್ಕು ಯಾವ ಸೊನ್ನೆಯ ಪಕ್ಕ, ಬಾಲ ಯಾವ ಗೆರೆಯ ಕೆಳಗೆ ಅಂತ ನೋಡಿಕೊಂಡು ಬರೆಯುತ್ತಾನೆ. ಬಣ್ಣ ಬಂದ ಮೇಲೆ ಗೀಚಿದ್ದೆಲ್ಲ ಒಳಗೆ ಮುಚ್ಚಿಹೋಗುತ್ತದೆ.

“ನೋಡಿದ್ರಾ, ಚುಕ್ಕಿ ಇಟ್ಟೇ ಇಟ್ಟಿದಾನೆ” ಎಂದು ನನ್ನಾಕೆ ಗೆದ್ದವಳಂತೆ ನನ್ನ ಮುಖ ನೋಡಿದಳು.

ನಾನು ನನ್ನ ಪ್ರಶ್ನೆ ಕೇಳಿದೆ, ಇದು ಎಷ್ಟು ದಿನ ಇರುತ್ತೆ? ಅದೃಷ್ಟವಿದ್ದರೆ ಒಂದು ವಾರ ಎಂದ. ಆಮೇಲೆ ಇನ್ನೊಬ್ಬ ಬಂದು ಇದರ ಮೇಲೇ ಬರೆಯುತ್ತಾನೆ. ಅದಕ್ಕೊಂದು ಬರೆಯದ ನಿಯಮವೂ ಉಂಟು: ಇರುವುದಕ್ಕಿಂತ ಚೆನ್ನಾಗಿ ಬರೆಯಲು ಬರದಿದ್ದರೆ ಅದರ ಮೇಲೆ ಕೈ ಹಾಕಬಾರದು. ನಿಯಮ ಎಲ್ಲರೂ ಪಾಲಿಸುತ್ತಾರೆಂದಲ್ಲ. 2020ರ ಫೆಬ್ರುವರಿಯಲ್ಲಿ ಮುಸುಕು ಹಾಕಿಕೊಂಡ ಗುಂಪೊಂದು ಬೆಂಕಿ ಆರಿಸುವ ಸಿಲಿಂಡರಿಗೆ ಬಣ್ಣ ತುಂಬಿಕೊಂಡು ಬಂದು ಈ ಗಲ್ಲಿಯನ್ನೆಲ್ಲ ತೋಯಿಸಿ ಹೋಯಿತಂತೆ. ಮತ್ತೆ ಅದರ ಮೇಲೆಯೇ ಹೊಸ ಚಿತ್ರಗಳು ಎದ್ದವು.

ಬ್ಯಾಂಕ್ಸಿಯ ಕಥೆಯಂತೂ ನನಗೆ ಬಹಳ ಹಿಡಿಸಿತು. ಮುಖ ತೋರಿಸದ ಈ ಇಂಗ್ಲೆಂಡಿನ ಮಹಾನುಭಾವ 2003ರ ಸುಮಾರಿಗೆ ಇಲ್ಲಿಗೆ ಬಂದು ಅಲ್ಲಲ್ಲಿ ಚಿತ್ರ ಬಿಟ್ಟು ಹೋಗಿದ್ದ. ಆಮೇಲೆ ಅವನ ಹೆಸರು ಏರಿ, ಗೋಡೆಗೆ ಚಿನ್ನದ ಬೆಲೆ ಬಂತು. ಕಾಕರ್ ಆಲಿಯಲ್ಲಿದ್ದ ಅವನ ಮುಳುಗುಗಾರನ ಚಿತ್ರಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕಿನ ಕವಚ ಹಾಕಿ ಕಾಪಾಡಿದರು. 2008ರಲ್ಲಿ ಯಾರೋ ಕವಚದ ಹಿಂದಿನಿಂದಲೇ ಬೆಳ್ಳಿ ಬಣ್ಣ ಸುರಿದು, ಬ್ಯಾಂಕ್ಸಿ ಇಲ್ಲಿಗೆ ಬಂದಿದ್ದ ಅಂತ ಮೇಲೆ ಗೀಚಿದರು. ಹೋಸಿಯರ್ ಲೇನಿನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಇಳಿಯುತ್ತಿದ್ದ ಅವನ ಇಲಿಯ ಗತಿ ಇನ್ನೂ ಚೆಂದ. 2010ರಲ್ಲಿ ನಗರಸಭೆ ಕಳಿಸಿದ ಕ್ಲೀನಿಂಗ್‌ನವರು ಶಿಸ್ತಾಗಿ ಬಂದು ಅದರ ಮೇಲೆ ಬಣ್ಣ ಹೊಡೆದು ಹೋದರು. ಆ ಕೆಲಸಗಾರರ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ನನ್ನ ಗೋಡೆಗೆ ಅಂಥವರನ್ನೇ ನಾನು ಆರು ವರ್ಷದಿಂದ ಹುಡುಕುತ್ತಿದ್ದೆ.

ಮುಂದಿನ ಶನಿವಾರ ನಾನೇ ಹೊರಟು ನಿಂತೆ. ಗಿಣಿ ನೋಡಬೇಕಿತ್ತು. ಕೊಕ್ಕಿನ ಮೇಲೆ ಯಾರೋ ಅಡ್ಡಾದಿಡ್ಡಿ ಟ್ಯಾಗ್ ಎಳೆದಿದ್ದರು, ಆ ಅಕ್ಷರಗಳು ಯಾವ ಭಾಷೆಯದೋ ಬ್ರಹ್ಮನಿಗೇ ಗೊತ್ತು. “ಅಯ್ಯೋ ಮುಂಡೇದೇ!” ಅಂತ ಜೋರಾಗಿಯೇ ಅಂದುಬಿಟ್ಟೆ. ನನ್ನದಲ್ಲದ ಊರಿನ, ನನ್ನದಲ್ಲದ ಗೋಡೆಯ ಮೇಲಿನ, ನನ್ನದಲ್ಲದ ಗಿಣಿಗಾಗಿ ನಾನು ಬೈಯುತ್ತಿರುವುದನ್ನು ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅಳಿಯನಿಗೆ ಕಳಿಸಿದಳು.

ಊರಿಗೆ ಬಂದ ಮರುದಿನವೇ ಪೇಂಟರಿಗೆ ಫೋನ್ ಮಾಡಿದೆ. ಗೋಡೆಗೆಲ್ಲ ಬಿಳಿ ಹೊಡೆದು ಹೊಸದಾಗಿ ಬರೆಯಲು ಅವನು ಹೇಳಿದ ರೇಟು ಕೇಳಿ ಫೋನ್ ಇಟ್ಟೆ. ಅಟ್ಟದಲ್ಲಿದ್ದ ಹಳೆಯ ಡಬ್ಬಿ, ಬ್ರಷ್ ಇಳಿಸಿಕೊಂಡು ನಾನೇ ಹೊರಗೆ ಹೋಗಿ ನಿಂತೆ. ‘ಇಲ್ಲಿ ಮೂತ್ರ ಮಾಡಬಹುದು’ ಅನ್ನುವುದು ಹಾಗೇ ಇತ್ತು. ಎರಡು ಸಲ ಓದಿದೆ. ‘ಮೂ’ ಮೇಲೆ ಬಿಳಿ ಬಳಿದು, ಒಣಗುವ ತನಕ ಒಂದು ಕಾಫಿ ಕುಡಿದು ಬಂದು, ಆ ಜಾಗದಲ್ಲಿ ‘ಚಿ’ ಬರೆದೆ. ‘ತ್ರ’ ಇದ್ದೇ ಇತ್ತು.

ಎರಡು ತಿಂಗಳಾಯಿತು. ಚಿತ್ರ ಬರೆಯಲು ಇನ್ನೂ ಯಾರೂ ಬಂದಿಲ್ಲ. ಆದರೆ ಅವಸರದಲ್ಲಿ ಬರುವವರು ಗೋಡೆಯ ಮುಂದೆ ನಿಂತು, ಓದಿ, ತಲೆ ಕೆರೆದುಕೊಂಡು, ಎದುರು ಮನೆಯ ಗೋಡೆಗೆ ಹೋಗುತ್ತಿದ್ದಾರೆ.