ಬೀಗ ಹಾಕಿದ ಮನೆಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ: ಬೆಂಗಳೂರಿನ ಸಮಸ್ತ ಬೀಗ ಹಾಕಿದ ಮನೆಗಳು
ವಿಷಯ: ಪರವಾನಗಿಯ ರಗಳೆಯಿಂದ ಪಾರಾಗಿ ಉಳಿದದ್ದಕ್ಕೆ ಅಭಿನಂದನೆ

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬೆಂಗಳೂರಿನಲ್ಲಿ ಮನುಷ್ಯ ಮಲಗುವ ಮಂಚಕ್ಕೆ ನಿಯಮಗಳಿವೆ, ಯಾರೂ ಮಲಗದ ಮನೆಗೆ ಇಲ್ಲ. ಪಿ.ಜಿ. (ಪೇಯಿಂಗ್ ಗೆಸ್ಟ್ ವಸತಿ) ನಡೆಸುವವರು ಪಾಲಿಕೆಯಿಂದ ಉದ್ದಿಮೆ ಪರವಾನಗಿ ಪಡೆಯಬೇಕು. 2024ರ ಆಗಸ್ಟ್‌ನ ಮಾರ್ಗಸೂಚಿಯಂತೆ ತಲೆಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅದರ 90 ದಿನಗಳ ದೃಶ್ಯ ಸಂಗ್ರಹ, ಕಾವಲುಗಾರ, ಅಡುಗೆಮನೆಗೆ ಎಫ್‌ಎಸ್‌ಎಸ್‌ಎಐ ಪರವಾನಗಿ, ಇಷ್ಟೂ ಇರಬೇಕು. ಕೋರಮಂಗಲದ ಪಿ.ಜಿ.ಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ ಬಂದ ಈ ನಿಯಮಗಳಲ್ಲಿ ನಗುವಂಥದ್ದೇನೂ ಇಲ್ಲ. ಬೀಗ ಬಿದ್ದ ಮನೆಯ ಕಥೆ ಬೇರೆ. ಅಲ್ಲಿ ತಲೆಯೇ ಇಲ್ಲ, ಆದ್ದರಿಂದ ತಲೆಗಿಷ್ಟು ಎಂಬ ಲೆಕ್ಕವೂ ಇಲ್ಲ. ಅಲ್ಲಿನ ಜಿರಲೆಗಳಿಗೆ ಮಾರ್ಗಸೂಚಿ ಹೇಳಿದ್ದಕ್ಕಿಂತ ಹೆಚ್ಚು ಜಾಗ ದಕ್ಕಿದೆ.

ಈ ಭಾಗ್ಯ ಹಿಂದೆ ಇರಲಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಮನೆ ಖಾಲಿಯಾದರೆ ಮಾಲೀಕರು 15 ದಿನಗಳೊಳಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಸರ್ಕಾರದ ಬಾಡಿಗೆ ಕಂಟ್ರೋಲರ್‌ಗೆ ತಿಳಿಸಬೇಕಿತ್ತು. ಆ ಮನೆಯನ್ನು ಯಾರಿಗೆ ಬಾಡಿಗೆಗೆ ಕೊಡಬೇಕೆಂದು ಕಂಟ್ರೋಲರ್ ಆದೇಶಿಸಬಹುದಿತ್ತು. ಬಾಡಿಗೆಗೆ ಕೊಟ್ಟರೆ ಮನೆ ಕೈಬಿಟ್ಟಂತೆಯೇ ಎಂಬ ಭಯ ಮಾಲೀಕರಲ್ಲಿ ಬೇರೂರಿದ್ದು ಇಂಥ ಕಾಯ್ದೆಗಳ ಕಾಲದಲ್ಲೇ. ಆ ಭಯಕ್ಕೆ ಕಾರಣವೂ ಇತ್ತು. 1999ರ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಾಗ ಕಂಟ್ರೋಲರ್‌ಗೆ ವರದಿ ಒಪ್ಪಿಸುವ ಪದ್ಧತಿ ಹೋಯಿತು, ಭಯ ಮಾತ್ರ ಉಳಿಯಿತು. ಹೊಸ ಕಾಯ್ದೆಯ ರಕ್ಷಣೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಮನೆ ಬಾಡಿಗೆಗೆ ಸೀಮಿತ. ಇಂದು ಆ ದರಕ್ಕೆ ಮನೆ ಸಿಕ್ಕರೆ ವಕೀಲರಿಗಿಂತ ಮೊದಲು ಪುರಾತತ್ವ ಇಲಾಖೆಗೆ ತಿಳಿಸುವುದು ಒಳಿತು.

ಉಳಿದ ಬಾಡಿಗೆದಾರರನ್ನು ಕಾಯುವುದು ಹನ್ನೊಂದು ತಿಂಗಳ ಕರಾರುಪತ್ರ. ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದ್ದರಿಂದ ನಗರದ ಸಂಸಾರಗಳೆಲ್ಲ ಹನ್ನೊಂದು ತಿಂಗಳಿಗೊಮ್ಮೆ ಮುಗಿದು ಮತ್ತೆ ಹುಟ್ಟುತ್ತವೆ. ಮುಂಗಡ ಹಲವೆಡೆ ಹತ್ತು ತಿಂಗಳದ್ದು. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಅದನ್ನು ಎರಡು ತಿಂಗಳಿಗೆ ಮಿತಿಗೊಳಿಸಿದೆ, ಆದರೆ ಮಾದರಿಯನ್ನು ನೋಡಿ ಸಂತೋಷಪಟ್ಟರೆ ಸಾಕು, ಪಾಲಿಸಬೇಕಿಲ್ಲ.

ಆಸ್ತಿ ತೆರಿಗೆಯದು ಇನ್ನೂ ಸ್ವಾರಸ್ಯ. ತೆರಿಗೆ ಲೆಕ್ಕ ಹಾಕುವ 2016ರ ಪರಿಷ್ಕೃತ ಮಾಸಿಕ ದರದಲ್ಲಿ ‘ಎ’ ವಲಯದ ಆರ್‌ಸಿಸಿ ಮನೆಗೆ ಮಾಲೀಕರೇ ವಾಸವಿದ್ದರೆ ಚದರಡಿಗೆ 2.50 ರೂಪಾಯಿ, ಬಾಡಿಗೆಗೆ ಕೊಟ್ಟರೆ 5 ರೂಪಾಯಿ. ಅಂದರೆ ಇನ್ನೊಬ್ಬರಿಗೆ ಸೂರು ಒದಗಿಸಿದ ತಪ್ಪಿಗೆ ಇಮ್ಮಡಿ. ಬೀಗ ಇಂಥ ತಪ್ಪು ಎಸಗುವುದಿಲ್ಲ.

ಬೀಗದ ಬಳಗವೇನೂ ಸಣ್ಣದಲ್ಲ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಖಾಲಿ ಕಂಡ ಮನೆಗಳು ಸುಮಾರು 1.1 ಕೋಟಿ. ಮರುವರ್ಷ ಕೇಂದ್ರದ ತಾಂತ್ರಿಕ ತಂಡ ಅಂದಾಜಿಸಿದ ನಗರ ವಸತಿ ಕೊರತೆ ಸುಮಾರು 1.88 ಕೋಟಿ. ಎರಡೂ ಅಂಕಿಗಳು ಬೇರೆಬೇರೆ ಕಡತಗಳಲ್ಲಿ ಕ್ಷೇಮವಾಗಿವೆ.

ಮನೆಯನ್ನು ಕಸಿದು ಹಂಚುವ 1961ರ ದಾರಿಗೆ ಮರಳುವುದು ಬೇಡ. ತೆರಿಗೆ ನಮೂನೆಯಲ್ಲಿ ‘ವರ್ಷದಲ್ಲಿ ಎಷ್ಟು ತಿಂಗಳು ಖಾಲಿ’ ಎಂಬ ಒಂದು ಸಾಲು ಸೇರಿಸಿ, ಆ ಇಮ್ಮಡಿ ದರವನ್ನು ಬಾಡಿಗೆ ಮನೆಯಿಂದ ಬೀಗದ ಮನೆಗೆ ವರ್ಗಾಯಿಸಬೇಕೆಂದು, 2025ರ ಸೆಪ್ಟೆಂಬರ್‌ನಿಂದ ಐದಾಗಿರುವ ನಗರ ಪಾಲಿಕೆಗಳ ಪೈಕಿ ಯಾವುದಾದರೂ ಒಂದನ್ನು ಈ ಮೂಲಕ ಕೋರಲಾಗಿದೆ.