ಹಳೇ ಬ್ಯಾಚ್: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ನಿನ್ನೆ ರಾತ್ರಿ ಹನ್ನೊಂದೂಕಾಲಕ್ಕೆ, ನಿಮ್ಮನ್ನು ಒಂದು ಮಾತೂ ಕೇಳದೆ, 'ಎಸ್ಸೆಸ್ಸೆಲ್ಸಿ 89' ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಲಾಗಿದೆ. ಈ ಯಂತ್ರವನ್ನು ವಾಪಸು ಮಾಡಲು ಬರುವುದಿಲ್ಲ. ಗುಂಪು ಬಿಟ್ಟರೆ ಅಡ್ಮಿನ್‌ಗೆ ಮಾತ್ರ ಗೊತ್ತಾಗುತ್ತದೆ ಎನ್ನುತ್ತಾರೆ. ನಮ್ಮ ಅಡ್ಮಿನ್‌ಗೆ ಗೊತ್ತಾದರೆ ಊರಿಗೇ ಗೊತ್ತಾದಂತೆ.

ಪೆಟ್ಟಿಗೆಯಲ್ಲಿ ಏನೇನಿದೆ

ಒಂದು ಗುಂಪಿಗೆ 1024 ಜನರನ್ನು ತುಂಬಬಹುದು. ನಮ್ಮ ಸರ್ಕಾರಿ ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿದ್ದವರು 43, ಸಿಕ್ಕವರು 31. ಇದರಲ್ಲಿ ಮಂಜುನಾಥರೇ ಮೂವರು. ಡಿ.ಪಿ.ಯಲ್ಲಿ ಮೂವರೂ ಧರ್ಮಸ್ಥಳದ ಮಂಜುನಾಥನನ್ನೇ ಹಾಕಿಕೊಂಡಿರುವುದರಿಂದ ಯಾರು ಯಾವನೆಂದು ತಿಳಿಯಲು ಇನಿಷಿಯಲ್ಲೇ ಗತಿ.

ಹುಡುಗಿಯರನ್ನು ಹುಡುಕುವುದು ಕಷ್ಟ. ಮದುವೆಯಾಗಿ ಊರು ಬದಲಾಗಿದೆ, ಇನಿಷಿಯಲ್ಲು ಬದಲಾಗಿದೆ, ಕೆಲವರ ಹೆಸರೂ ಬದಲಾಗಿದೆ. ಅವರದೆಂದು ನಿಮಗೆ ಸಿಕ್ಕ ನಂಬರು ಗಂಡನದಾಗಿರುತ್ತದೆ. ಅದಕ್ಕೆ ಫೋನು ಹಚ್ಚಿ 'ನಾನು ಅವರ ಕ್ಲಾಸ್‌ಮೇಟು' ಅನ್ನುವ ಮೊದಲು ಒಂದು ಲೋಟ ನೀರು ಕುಡಿಯಿರಿ.

ಚಾಲನೆ

'ಹೇಗಿದ್ದೀರಾ ಎಲ್ಲರೂ' ಎಂದು ಒತ್ತಿದರೆ ಯಂತ್ರ ಸ್ಟಾರ್ಟ್ ಆಗುವುದಿಲ್ಲ; ಮೂರು ಕೈಮುಗಿದ ಚಿತ್ರ ಬಂದು ನಿಂತುಬಿಡುತ್ತದೆ. 1987ರ ಕೀಲಿ ಹಾಕಿ. 'ಭಾನುವಾರ ರಾಮಾಯಣ ಯಾರ ಮನೇಲಿ ನೋಡ್ತಿದ್ರಿ?' ಎಂದು ಕೇಳಿ, ಫೋನನ್ನು ಕೆಳಗಿಟ್ಟು ದೂರ ಸರಿಯಿರಿ.

ನಮ್ಮಲ್ಲಿ ಪೋಸ್ಟ್‌ಮಾಸ್ಟರ ಮನೆ. ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಪಡಸಾಲೆ ತುಂಬ ಜನ. ಆಂಟೆನಾ ತಿರುಗಿಸಲು ಹೆಂಚು ಹತ್ತಿದವನು 'ಬಂತಾ?' ಎಂದು ಕೂಗುತ್ತಿದ್ದ. ಒಳಗಿನಿಂದ ಇಡೀ ಪಡಸಾಲೆ 'ಬಂತು... ಹೋಯ್ತು... ಬಂತು' ಎನ್ನುತ್ತಿತ್ತು. ಅವನು ಇಳಿದು ಬರುವಷ್ಟರಲ್ಲಿ ಲಂಕೆಗೆ ಬೆಂಕಿ ಬಿದ್ದಾಗಿತ್ತು. ಪಾಪ, ಅವನಿನ್ನೂ ಅದನ್ನು ನೋಡಿಲ್ಲವಂತೆ.

ಹತ್ತರಿಂದ ಮೂವತ್ತರವರೆಗಿನ ವಯಸ್ಸಿನ ನೆನಪುಗಳೇ ಮಿಕ್ಕವಕ್ಕಿಂತ ದಟ್ಟವಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರದವರು ಹೇಳುತ್ತಾರೆ. ನಿನ್ನೆ ಕನ್ನಡಕ ಎಲ್ಲಿಟ್ಟೆ ಎಂದು ತಿಳಿಯದ ಮನುಷ್ಯ ಎಂಟನೇ ಕ್ಲಾಸಿನ ಬೆಂಚಿನಲ್ಲಿ ಎಡಕ್ಕೆ ಯಾರು, ಬಲಕ್ಕೆ ಯಾರು ಎಂದು ಒಪ್ಪಿಸುವುದು ಇದಕ್ಕೇ.

ಸರ್ವನಾಮ ಹೊಂದಿಸುವುದು

ಬಹುತೇಕ ಯಂತ್ರಗಳು ಕೈಕೊಡುವುದು ಇಲ್ಲಿ. ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತರೂ ಹುಡುಗರು ಹುಡುಗಿಯರು ಮಾತಾಡಿದವರಲ್ಲ. ಹಾಗಾಗಿ ಒಬ್ಬರನ್ನೊಬ್ಬರು ಆಗ 'ನೀನು' ಅಂದದ್ದೂ ಇಲ್ಲ, 'ನೀವು' ಅಂದದ್ದೂ ಇಲ್ಲ. ಐವತ್ತು ದಾಟಿದ ಮೇಲೆ ಮೊದಲ ಸಲ ತೀರ್ಮಾನಿಸಬೇಕು. ಹೆಚ್ಚಿನವರು 'ಊಟ ಆಯ್ತಾ? ಮಕ್ಕಳು ಏನು ಮಾಡ್ತಾ ಇದಾರೆ?' ಎಂದು ಸರ್ವನಾಮ ನುಂಗಿ ಪಾರಾಗುತ್ತಾರೆ. ಕನ್ನಡದಲ್ಲಿ ಈ ಅನುಕೂಲವಿದೆ, ಬಳಸಿಕೊಳ್ಳಿ. ಸಬ್‌ಇನ್ಸ್‌ಪೆಕ್ಟರ್ ಆದವನಿಗೆ ನಾವು ಎರಡು ದಿನ 'ಸಾರ್' ಹಚ್ಚಿದೆವು. ಮೂರನೇ ದಿನ ಅವನೇ 'ಇನ್ನೊಂದ್ಸಲ ಸಾರ್ ಅಂದ್ರೆ ಒದೀತೀನಿ ಕಣ್ರೋ' ಎಂದು ಬರೆದ ಮೇಲೆ ಗುಂಪಿಗೆ ಉಸಿರು ಬಂತು.

ಎಚ್ಚರಿಕೆಗಳು

ಗಣಿತದ ಮೇಷ್ಟ್ರು ಡಸ್ಟರ್ ಬೀಸಿ ಒಡೆದದ್ದು ಒಂದೇ ತಲೆ. ಅದು ನನ್ನ ತಲೆ ಎನ್ನುವವರು ನಮ್ಮಲ್ಲಿ ನಾಲ್ವರಿದ್ದಾರೆ. ಜಗಳಕ್ಕಿಳಿಯಬೇಡಿ. ನೆನಪೆಂದರೆ ಪೆಟ್ಟಿಗೆಯಿಂದ ತೆಗೆದಿಡುವುದಲ್ಲ, ತೆಗೆಯುವಾಗಲೆಲ್ಲ ಹೊಸದಾಗಿ ಕಟ್ಟುವುದು ಎಂದು ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಬರೆದಿದ್ದಾರೆ. ನಾಲ್ಕೂ ತಲೆಗಳನ್ನು ಸವರಿ ಮುಂದಕ್ಕೆ ಹೋಗಿ.

ಗುರುವಂದನೆಗೆ ಮೈಸೂರು ಪೇಟ ತರಬೇಡಿ. ನಿಮಗಿಂತ ಮೊದಲಿನ ಬ್ಯಾಚುಗಳು ತೊಡಿಸಿದ ಐದು ಪೇಟ ಮೇಷ್ಟ್ರ ಮನೆಯ ಅಟ್ಟದಲ್ಲಿವೆ. ಇಲಿ ಮರಿ ಹಾಕಿದೆ ಎಂದು ಅವರ ಮನೆಯವರೇ ಹೇಳಿದರು.

ಇನ್ಶೂರೆನ್ಸ್ ಮಾರುವವನನ್ನು ಸಹಿಸಿಕೊಳ್ಳಿ. ಪ್ರತಿ ಬ್ಯಾಚಿಗೂ ಒಬ್ಬ ಇರುತ್ತಾನೆ.

ಮಕ್ಕಳ ಕೈಗೆ ಸಿಗದಂತೆ ಇಡಿ

ಈ ಸೂಚನೆಯನ್ನು ಪಾಲಿಸಿದವರು ಯಾರೂ ಇಲ್ಲ. ಏಕೆಂದರೆ ಫೋನು ನಮ್ಮದಾದರೂ ಅದನ್ನು ಓಡಿಸುವುದು ಮಕ್ಕಳೇ. ಸ್ಪೀಕರಿನಲ್ಲಿ ಯಾರೋ 'ಲೋ ಕಾಗೆ!' ಎಂದು ಕೂಗಿದ್ದನ್ನು ಕೇಳಿ ನನ್ನ ಮಗ ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಅಪ್ಪನಿಗೂ ಅಡ್ಡಹೆಸರಿತ್ತು ಎನ್ನುವುದು ಅವನಿಗೆ ಆವತ್ತೇ ಗೊತ್ತಾದದ್ದು. ಈಗ ಅಂಕಪಟ್ಟಿಯ ಮಾತೆತ್ತಿದರೆ 'ಕಾಗೆಗೆ ಎಷ್ಟು ಬಂದಿತ್ತು?' ಅನ್ನುತ್ತಾನೆ.

ನಮ್ಮ ಕ್ಲಾಸಿನಲ್ಲಿ ಲೆಕ್ಕಕ್ಕೆ ಮೊದಲನೆಯವಳು ಎರಡನೇ ಬೆಂಚಿನ ಒಬ್ಬ ಹುಡುಗಿ. ಮೇಷ್ಟ್ರು ರಜೆ ಹಾಕಿದರೆ ಬೋರ್ಡಿನ ಮೇಲೆ ರೇಖಾಗಣಿತ ಬಿಡಿಸುತ್ತಿದ್ದವಳು ಅವಳೇ. ಎಸ್ಸೆಸ್ಸೆಲ್ಸಿ ಮುಗಿದ ವರ್ಷವೇ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ಗುಂಪಿಗೆ ಸೇರಿ ನಾಲ್ಕು ತಿಂಗಳಾದರೂ ಅವಳಿಂದ ಒಂದು ಕೈಮುಗಿದ ಚಿತ್ರವೂ ಬಂದಿರಲಿಲ್ಲ. ಒಂದು ರಾತ್ರಿ ಮಂಜುನಾಥರಲ್ಲಿ ಒಬ್ಬ (ಎಚ್., ಕೆ. ಅಲ್ಲ) ವಾಯ್ಸ್ ಮೆಸೇಜ್ ಹಾಕಿದ: 'ನಿಮ್ಮ ನೋಟ್ಸ್ ಕಾಪಿ ಹೊಡೆದೇ ನಾನು ಪಾಸಾಗಿದ್ದು. ಇಷ್ಟು ವರ್ಷ ಹೇಳೋಕಾಗಿರ್ಲಿಲ್ಲ.'

ಅವಳ ನಂಬರಿನಿಂದ ಉತ್ತರ ಬಂತು. ಬರೆದವಳು ಅವಳಲ್ಲ.

'ಅಂಕಲ್, ನಾನು ಅವರ ಮಗಳು, ಇಂಜಿನಿಯರಿಂಗ್ ಓದ್ತಿದೀನಿ. ಅಮ್ಮ ರೊಟ್ಟಿ ತಟ್ತಾ ಇದಾರೆ, ಕೈ ಹಿಟ್ಟಾಗಿದೆ. ನಿಮ್ಮ ಮೆಸೇಜು ಮೂರು ಸಲ ಹಾಕಿಸಿಕೊಂಡು ಕೇಳಿದ್ರು. ಅಮ್ಮ ಲೆಕ್ಕದಲ್ಲಿ ಫಸ್ಟ್ ಇದ್ರಾ? ನನಗೆ ಹೇಳೇ ಇಲ್ಲ.'

ಆ ರಾತ್ರಿ ಗುಂಪಿನಲ್ಲಿ ಯಾರಿಗೂ ನಿದ್ದೆ ಬಂದಂತಿರಲಿಲ್ಲ. ಒಬ್ಬೊಬ್ಬರೂ ಆ ಹುಡುಗಿಗೆ ಅವಳ ಅಮ್ಮನ ಕತೆ ಹೇಳತೊಡಗಿದರು. ಸಬ್‌ಇನ್ಸ್‌ಪೆಕ್ಟರ್ ಎಲ್ಲರನ್ನೂ ಮೀರಿಸಿ, 'ಇನ್‌ಸ್ಪೆಕ್ಷನ್ ದಿನ ಸಾಹೇಬರ ಎದುರಿಗೆ ಪೈಥಾಗೊರಸ್ ಪ್ರಮೇಯ ಸಾಧಿಸಿ ತೋರ್ಸಿದ್ದು ನಿಮ್ಮಮ್ಮನೇ ಪುಟ್ಟಾ' ಎಂದು ಬರೆದ.

ಆಮೇಲೆ ಆ ಅಮ್ಮನ ಹೆಸರಿನ ಮುಂದೆ 'ಟೈಪಿಂಗ್' ಎಂದು ಬಂತು. ಹೋಯ್ತು. ಮತ್ತೆ ಬಂತು. ಹೋಯ್ತು. ಇಪ್ಪತ್ತು ಜನ ಹೆಂಚಿನ ಕೆಳಗೆ ಕೂತವರ ಹಾಗೆ ಅದನ್ನೇ ನೋಡುತ್ತಿದ್ದೆವು.

'ಪೈಥಾಗೊರಸ್ ಅಲ್ಲ, ಥೇಲ್ಸ್' ಎಂದು ಬರೆದಿದ್ದಳು.