ಒಂದೇ ಹೆಬ್ಬಾಗಿಲು

ನನ್ನ ಹಳೆಯ ಕಂಪ್ಯೂಟರಿನ ಡಿಸ್ಕಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಂಗಳಿವೆ. ಪಾಲಾದ ಅಣ್ಣತಮ್ಮಂದಿರ ಮನೆಯ ಹಾಗೆ ಕೋಣೆ ಬೇರೆ ಬೇರೆ, ಹೆಬ್ಬಾಗಿಲು ಮಾತ್ರ ಒಂದೇ. ಬಾಗಿಲ ಉಸ್ತುವಾರಿ ಗ್ರಬ್ ಎಂಬ ಬೂಟ್ ಲೋಡರಿನದು. ಒಬ್ಬ ಲಿನಕ್ಸ್. ಇನ್ನೊಬ್ಬನ ಹೆಸರು ಬೇಡ. ನಮ್ಮ ಪ್ರಿಂಟರ್ ಅವನ ಮಾತನ್ನಷ್ಟೇ ಕೇಳುವುದರಿಂದ ಎದುರು ಹಾಕಿಕೊಳ್ಳುವಂತಿಲ್ಲ.

ಮೊನ್ನೆ ಈ ಮಹಾಶಯ ಅಪ್‌ಡೇಟ್ ನೆಪದಲ್ಲಿ, ಒಂದು ಮಾತೂ ಕೇಳದೆ, ತನಗೊಂದು ಹೊಸ ರಿಕವರಿ ಪಾರ್ಟಿಷನ್ ಕಟ್ಟಿಕೊಂಡ. ಉಳಿದವುಗಳ ನಂಬರು ಏರುಪೇರಾಯಿತು. ಹಳೆಯ ನಂಬರು ಹಿಡಿದು ಹೊರಟ ಗ್ರಬ್, 'ಅಂಥ ಪಾರ್ಟಿಷನ್ ಇಲ್ಲ' ಎಂದು ಇಂಗ್ಲಿಷಿನಲ್ಲಿ ಗೊಣಗಿ, ಕಪ್ಪು ಪರದೆಯ ಮೇಲೆ 'ಗ್ರಬ್ ರೆಸ್ಕ್ಯೂ' ಎಂದು ಬರೆದು ಕೂತುಬಿಟ್ಟಿತು. 'ಹೆಲ್ಪ್' ಎಂದು ಟೈಪಿಸಿದೆ. ಹಾಗೆಂಬ ಆಜ್ಞೆಯೇ ತನಗೆ ಗೊತ್ತಿಲ್ಲ ಎಂದಿತು! ಆ ಸ್ಥಿತಿಯಲ್ಲಿ ಅದಕ್ಕೆ ಬರುವುದೇ ನಾಲ್ಕು ಆಜ್ಞೆ.

ಪಾಪ, ಅದರ ಕಷ್ಟವೂ ಕಷ್ಟವೇ. ಡಿಸ್ಕಿನ ಮೊದಲ ಸೆಕ್ಟರಿನ 512 ಬೈಟುಗಳಲ್ಲಿ ಪಾರ್ಟಿಷನ್ ಪಟ್ಟಿ, ಸಹಿ ಎಲ್ಲ ಕಳೆದು ಬೂಟ್ ಲೋಡರಿಗೆ ದಕ್ಕುವುದು 446. ಮಿಕ್ಕ ಬುದ್ಧಿಯನ್ನೆಲ್ಲ ಬೇರೆಡೆ ಇಟ್ಟು ಬಂದಿರುತ್ತದೆ. ಇದಕ್ಕಿಂತ ಹಿಂದಿನ ಲಿಲೋ ಮೇಲು. ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬರೆಯುತ್ತ ಏಳುತ್ತಿತ್ತು. ಯಾವ ಅಕ್ಷರಕ್ಕೆ ನಿಂತಿತು ಎಂದು ನೋಡಿ ರೋಗ ಹೇಳಬಹುದಿತ್ತು.

'ಎಲ್‌ಎಸ್' ಎಂದು ಒಂದೊಂದೇ ಪಾರ್ಟಿಷನ್ ತಡಕಿ, ಗ್ರಬ್ ಕಡತಗಳಿದ್ದ ಕೋಣೆ ತೋರಿಸಿಕೊಟ್ಟು, 'ನಾರ್ಮಲ್' ಎಂಬ ಮಾಡ್ಯೂಲ್ ತುಂಬಿಸಿ ಲಿನಕ್ಸನ್ನು ಎಬ್ಬಿಸಿದೆ. ಗ್ರಬ್ಬನ್ನು ಮತ್ತೆ ಸ್ಥಾಪಿಸಿದೆ. ಮೆನು ಬಂತು. ಅದರಲ್ಲಿ ಪ್ರಿಂಟರಿನ ಒಡೆಯನೇ ಇಲ್ಲ! 2021ರ 2.06ನೇ ಆವೃತ್ತಿಯಿಂದ ಗ್ರಬ್ ಪಕ್ಕದವರನ್ನು ತಾನಾಗಿ ಹುಡುಕುವುದನ್ನು ನಿಲ್ಲಿಸಿದೆ. ಹುಡುಕಲೇಬೇಕಾದರೆ 'ಹುಡುಕದಿರು ಎಂಬುದು ಸುಳ್ಳು' ಎಂಬರ್ಥದ ಸಾಲೊಂದನ್ನು ಬರೆಯಬೇಕು. ಕೋರ್ಟಿನ ಅಫಿಡವಿಟ್ ಕೂಡ ಇಷ್ಟು ಸುತ್ತಿ ಮಾತಾಡುವುದಿಲ್ಲ. ಬರೆದೆ. ಮೆನುವಿನಲ್ಲಿ ಅವನೂ ಪ್ರತ್ಯಕ್ಷನಾದ. ಅವನನ್ನೇ ಆರಿಸಿ ಎಬ್ಬಿಸಿದೆ.

"ರೀ, ಸರಿ ಹೋಯ್ತಾ? ಮಗಳ ಹಾಲ್ ಟಿಕೆಟ್ ಪ್ರಿಂಟ್ ಹಾಕ್ಬೇಕು" ಎನ್ನುತ್ತ ಹೆಂಡತಿ ಬಂದಳು. ಬೆಳಗಿನ ಹತ್ತು ಗಂಟೆ. ಪರದೆಯ ಮೂಲೆಯಲ್ಲಿ ನಾಲ್ಕೂವರೆ. ಲಿನಕ್ಸ್ ಯಂತ್ರದೊಳಗಿನ ಗಡಿಯಾರವನ್ನು ಗ್ರೀನಿಚ್ ಲೆಕ್ಕಕ್ಕೆ ತಿರುಗಿಸಿಡುತ್ತದೆ, ಇವನು ಅದನ್ನೇ ಊರಿನ ಸಮಯವೆಂದು ನಂಬುತ್ತಾನೆ, ಆದ್ದರಿಂದ ಐದೂವರೆ ಗಂಟೆ ಹಿಂದೆ ಎಂದು ವಿವರಿಸತೊಡಗಿದೆ.

"ಅದೆಲ್ಲ ಬಿಡಿ. ನಾಲ್ಕೂವರೆ ಅಂದ್ರೆ ಇನ್ನೂ ನಲ್ಲಿ ನೀರು ಬಂದಿಲ್ಲ. ಹೋಗಿ ಬಿಂದಿಗೆ ಇಡಿ" ಎಂದಳು.